ಉಸಿರಾಟದ ಪಾಠ: ನಾನು ಕಲಿಸಿದ್ದು, ನಾನು ಕಲಿತದ್ದು

ಮೂರನೇ ಸೆಮಿಸ್ಟರ್‌ನ 16 ವಾರಗಳ ಇಂಟರ್ನ್‌ಶಿಪ್‌ಗೆ ನನಗೆ ದೊರೆತದ್ದು ದಾವಣಗೆರೆಯ ಒಂದು ಪ್ರೌಢಶಾಲೆ. ಅಲ್ಲಿನ ಮಕ್ಕಳಲ್ಲಿ ಅನೇಕರು ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬರುವವರು. ದಸರಾ ರಜೆ ಮುಗಿದ ವಾರ 10ನೇ ತರಗತಿಗೆ ‘ಜೀವಕ್ರಿಯೆಗಳು’ ಘಟಕದ ಉಸಿರಾಟದ ಭಾಗವನ್ನು ಪಾಠ ಮಾಡಿದೆ. ಅದು ನನ್ನ ವೀಕ್ಷಣಾ ಪಾಠವೂ ಆಗಿತ್ತು. ಹಿಂದಿನ ರಾತ್ರಿ ಹನ್ನೊಂದರವರೆಗೆ ಕುಳಿತು ಶ್ವಾಸಕೋಶದ ಮಾದರಿ ಸಿದ್ಧಪಡಿಸಿದ್ದೆ. ತಳ ಕತ್ತರಿಸಿದ ನೀರಿನ ಬಾಟಲಿ, ಎರಡು ಬಲೂನು, ವಪೆಯ ಬದಲಿಗೆ ಬಿಗಿದು ಕಟ್ಟಿದ ರಬ್ಬರ್ ಹಾಳೆ. ಹಾಳೆಯನ್ನು ಕೆಳಗೆ ಎಳೆದಾಗ ಒಳಗಿನ ಬಲೂನುಗಳು ಉಬ್ಬಿದವು, ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ‘ಬೋಧನೋಪಕರಣದ ಬಳಕೆ ಉತ್ತಮ’ ಎಂದು ಬರೆದರು.

ಅವರು ಬರೆಯದ ಒಂದು ವಿಷಯ ಇದೆ. ಬರೆಯಲು ಅವರಿಗೆ ಅದು ಕೇಳಿಸಿರಲಿಲ್ಲ. ಅದನ್ನು ಈಗ ನಾನೇ ಬರೆಯುತ್ತಿದ್ದೇನೆ.

ಮೌಲ್ಯಮಾಪನದ ಪ್ರಶ್ನೆಗಳಿಗೆ ಅತ್ಯಂತ ಚೆನ್ನಾಗಿ ಉತ್ತರಿಸಿದವಳು ಎರಡನೇ ಸಾಲಿನ ಒಬ್ಬ ಹುಡುಗಿ. ಗಾಳಿಗೂಡುಗಳ ಗೋಡೆ ತೆಳುವಾಗಿರುವುದೇಕೆ ಎಂದು ಕೇಳಿದ್ದಕ್ಕೆ ಪುಸ್ತಕದ ವಾಕ್ಯವನ್ನು ಬಿಟ್ಟು ತನ್ನದೇ ಮಾತಿನಲ್ಲಿ ಹೇಳಿದಳು. ಪಾಠ ಮುಗಿದ ಮೇಲೆ ನಾನು ಡಸ್ಟರ್‌ನಿಂದ ಕಪ್ಪುಹಲಗೆ ಒರೆಸಿ, ಅದನ್ನು ಕಿಟಕಿಯ ಸರಳಿಗೆ ಬಡಿದೆ. ಸೀಮೆಸುಣ್ಣದ ಪುಡಿ ಗಾಳಿಗೆ ಒಳಗೇ ಬಂತು. ಆ ಹುಡುಗಿ ಕೆಮ್ಮಿ, ಬ್ಯಾಗಿನಿಂದ ನೀಲಿ ಇನ್‌ಹೇಲರ್ ತೆಗೆದಳು. ನಾನು ಹತ್ತಿರ ಹೋಗಿ, ಪ್ರೀತಿಯಿಂದಲೇ, “ಇಷ್ಟು ಚಿಕ್ಕ ವಯಸ್ಸಿಗೇ ಇದನ್ನ ರೂಢಿ ಮಾಡ್ಕೋಬೇಡಮ್ಮ, ಆಮೇಲೆ ಬಿಡೋಕಾಗಲ್ಲ” ಎಂದೆ. ಅವಳು ತಲೆಯಾಡಿಸಿ ಅದನ್ನು ಬ್ಯಾಗಿಗೆ ಹಾಕಿಕೊಂಡಳು.

ನಾನು ಬಿ.ಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ನಮ್ಮ ಅಪ್ಪಾಜಿಗೆ ಎಂಟು ವರ್ಷಗಳಿಂದ ದಮ್ಮು. ಹಾಗಾಗಿ ಅಸ್ತಮಾ ವಿಷಯದಲ್ಲಿ ನನಗೆ ಗೊತ್ತಿದೆ ಎಂದೇ ತಿಳಿದಿದ್ದೆ. ಆ ಮಾತನ್ನು ಹೇಳುವಾಗ ಒಂದು ಕ್ಷಣವೂ ಯೋಚಿಸಲಿಲ್ಲ.

ದೀಪಾವಳಿ ಮುಗಿದ ಸೋಮವಾರ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಆ ಹುಡುಗಿ ಕುಸಿದು ಕುಳಿತಳು. ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದಳು. ಉಸಿರು ಬಿಡುವಾಗ ಸಿಳ್ಳೆಯಂಥ ಶಬ್ದ. ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿರಲಿಲ್ಲ. “ನಿನ್ನ ಪಂಪ್ ಎಲ್ಲಿ?” ಎಂದು ಕೇಳಿದೆ. ಉತ್ತರ ಕೊಟ್ಟವಳು ಅವಳ ಗೆಳತಿ: “ಮಿಸ್, ನೀವು ಬೇಡ ಅಂದಿದ್ರಲ್ಲ, ಅವತ್ತಿಂದ ಮನೇಲೇ ಬಿಟ್ಟು ಬರ್ತಾಳೆ.”

ಮಾರ್ಗದರ್ಶಕ ಶಿಕ್ಷಕಿ ಆಟೋ ನಿಲ್ಲಿಸಿದರು. ಆಸ್ಪತ್ರೆ ದೂರವಿರಲಿಲ್ಲ, ಆದರೂ ಆ ಹತ್ತು ನಿಮಿಷ ನನ್ನ ಕೈಯಲ್ಲಿದ್ದ ಅವಳ ಕೈ ತಣ್ಣಗಿತ್ತು. ನೆಬ್ಯುಲೈಸರ್ ಹಾಕಿದ ಮೇಲೆ ಅರ್ಧ ಗಂಟೆಯಲ್ಲಿ ಮುಖಕ್ಕೆ ಕಳೆ ಬಂತು. ಆಗ ಮಾತ್ರ ನನಗೂ ಉಸಿರು ಬಂದಂತಾಯಿತು.

ವೈದ್ಯರು ಯಾರನ್ನೂ ಬೈಯಲಿಲ್ಲ. ಖಾಲಿ ಇನ್‌ಹೇಲರ್ ಒಂದನ್ನು ಅವಳ ಕೈಗೆ ಕೊಟ್ಟು, “ಹೇಗೆ ತಗೋತೀಯ ತೋರಿಸು” ಎಂದರು. ಅವಳು ಬಾಯಿಗಿಟ್ಟು ಒತ್ತಿದಳು, ಆಮೇಲೆ ಉಸಿರು ಎಳೆದಳು. ವೈದ್ಯರು ನನ್ನ ಕಡೆ ತಿರುಗಿ, “ನೀವು ಸೈನ್ಸ್ ಟೀಚರ್ ಅಂತೀರಿ, ಎಲ್ಲಿ ತಪ್ಪಾಯ್ತು ಹೇಳಿ” ಎಂದರು. ನನಗೆ ಗೊತ್ತಾಗಲಿಲ್ಲ. ಶ್ವಾಸನಾಳದಿಂದ ಗಾಳಿಗೂಡಿನವರೆಗೆ ಚಿತ್ರ ಬಿಡಿಸಿ ಹೆಸರು ಬರೆಯಬಲ್ಲ ನಾನು, ಔಷಧ ಆ ದಾರಿಯಲ್ಲಿ ಹೇಗೆ ಇಳಿಯುತ್ತದೆ ಎಂಬುದನ್ನು ಎಂದೂ ಕಲಿತಿರಲಿಲ್ಲ.

ಅವರು ತೋರಿಸಿದ ಕ್ರಮ ಹೀಗಿತ್ತು. ಮುಚ್ಚಳ ತೆಗೆದು ಚೆನ್ನಾಗಿ ಅಲುಗಾಡಿಸಬೇಕು. ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು. ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಆಳಕ್ಕೆ ಉಸಿರೆಳೆಯಲು ಶುರು ಮಾಡುತ್ತಿದ್ದಂತೆಯೇ ಒತ್ತಬೇಕು. ಎಳೆದ ಉಸಿರನ್ನು ಹತ್ತು ಎಣಿಸುವವರೆಗೆ ಹಿಡಿಯಬೇಕು. ಎರಡನೇ ಸಲ ಬೇಕಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ತೆಗೆದುಕೊಳ್ಳಬೇಕು. ಒತ್ತಿದ ಮೇಲೆ ಉಸಿರೆಳೆದರೆ ಔಷಧ ಗಂಟಲಿಗೆ ಅಂಟುತ್ತದೆ, ಶ್ವಾಸನಳಿಕೆಗಳಿಗೆ ತಲುಪುವುದಿಲ್ಲ. ಒತ್ತುವುದು ಮತ್ತು ಎಳೆಯುವುದು ಒಟ್ಟಿಗೆ ಹೊಂದದ ಮಕ್ಕಳಿಗೆ ನಡುವೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಇಡುತ್ತಾರೆ.

ಆಮೇಲೆ ನಾನು ನನ್ನ ಮಾತನ್ನು ಒಪ್ಪಿಕೊಂಡೆ. “ರೂಢಿಯಾಗುತ್ತೆ ಅಂತ ನಾನೇ ಬೇಡ ಅಂದಿದ್ದೆ ಸರ್.” ಅವರು ನಕ್ಕು, “ನಿಮಗೆ ಕನ್ನಡಕ ಇದೆಯಲ್ಲ, ತೆಗೆದರೆ ಅಕ್ಷರ ಮಸುಕಾಗುತ್ತೆ. ಅದಕ್ಕೆ ಕನ್ನಡಕದ ಚಟ ಹಿಡಿದಿದೆ ಅಂತೀರಾ?” ಎಂದರು.

ಅವರು ಹೇಳಿದ್ದನ್ನು ನನ್ನ ದಿನಚರಿಯಲ್ಲಿ ಹೀಗೆ ಬರೆದುಕೊಂಡಿದ್ದೇನೆ. ಅಸ್ತಮಾದಲ್ಲಿ ಮೂರು ಸಂಗತಿ ನಡೆಯುತ್ತವೆ: ಶ್ವಾಸನಳಿಕೆಗಳ ಒಳಪದರ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ. ನೀಲಿ ಇನ್‌ಹೇಲರ್‌ನಲ್ಲಿರುವ ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಊತವನ್ನು ಅದು ಇಳಿಸುವುದಿಲ್ಲ. ಊತ ಇಳಿಸುವುದು ಬುಡೆಸೊನೈಡ್‌ನಂಥ ಇನ್ನೊಂದು ಔಷಧ. ಅದನ್ನು ಉಬ್ಬಸ ಇರಲಿ ಬಿಡಲಿ, ವೈದ್ಯರು ಹೇಳಿದಂತೆ ಬಿಡದೆ ತೆಗೆದುಕೊಳ್ಳಬೇಕು, ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ತಕ್ಷಣ ಏನೂ ಅನ್ನಿಸದ ಕಾರಣ ಜನ ಬಿಡುವುದು ಇದನ್ನೇ. ಹದಿಹರೆಯದವರಿಗೂ ದೊಡ್ಡವರಿಗೂ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆ ಬೇಡ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲೇ ಹೇಳಿದೆ. ಆ ಹುಡುಗಿಯ ಬ್ಯಾಗಿನಲ್ಲಿ ಇದ್ದದ್ದು ಅದೊಂದೇ.

ಕೊನೆಗೆ ಅವರು ನಾಲ್ಕು ಪ್ರಶ್ನೆ ಕೇಳಿದರು. ಕಳೆದ ನಾಲ್ಕು ವಾರಗಳಲ್ಲಿ ಹಗಲು ಹೊತ್ತಿನ ಉಬ್ಬಸ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಂದಿದೆಯೇ? ರಾತ್ರಿ ಅದರಿಂದ ಎಚ್ಚರವಾಗಿದೆಯೇ? ನೀಲಿ ಇನ್‌ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗಿದೆಯೇ? ಆಟ, ಓಟ, ಮನೆಗೆಲಸ ಕಡಿಮೆಯಾಗಿದೆಯೇ? ನಾಲ್ಕಕ್ಕೂ ‘ಇಲ್ಲ’ ಎಂದರೆ ರೋಗ ಹತೋಟಿಯಲ್ಲಿದೆ. ಒಂದೆರಡಕ್ಕೆ ‘ಹೌದು’ ಎಂದರೆ ಅರ್ಧ ಹತೋಟಿ. ಮೂರು ನಾಲ್ಕಕ್ಕೆ ‘ಹೌದು’ ಆದರೆ ಹತೋಟಿ ತಪ್ಪಿದೆ. ಹುಡುಗಿ ನಾಲ್ಕಕ್ಕೂ ‘ಹೌದು’ ಎಂದಳು. ಇದಿಷ್ಟನ್ನು ಕೇಳಲು ಯಾವ ಯಂತ್ರವೂ ಬೇಕಿರಲಿಲ್ಲ. ತರಗತಿಯಲ್ಲಿ ನಾನೇ ಕೇಳಬಹುದಿತ್ತು.

ಆ ಭಾನುವಾರ ಹರಿಹರ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋದೆ. ಅಪ್ಪಾಜಿಗೆ, “ನಿಮ್ಮ ಪಂಪ್ ಹೇಗೆ ತಗೋತೀರಿ, ಒಂಚೂರು ತೋರಿಸಿ” ಎಂದೆ. ಅವರು ಬಾಯಿ ತೆರೆದು, ಎರಡು ಬೆರಳು ದೂರ ಹಿಡಿದು ಒತ್ತಿದರು. ಬಿಳಿ ಹೊಗೆಯಂತೆ ಅರ್ಧ ಔಷಧ ಹೊರಗೇ ಹೋಯಿತು. ಇನ್ನೊಂದು ಔಷಧ ಕೊಟ್ಟಿರಲಿಲ್ಲವೇ ಎಂದು ಕೇಳಿದರೆ, ದೇವರ ಗೂಡಿನ ಪಕ್ಕದ ಡಬ್ಬಿಯಿಂದ ತೆಗೆದು ತೋರಿಸಿದರು. ಅವಧಿ ಮುಗಿದು ಒಂದು ವರ್ಷವಾಗಿತ್ತು. “ಅದ್ರಿಂದ ಏನೂ ಗುಣ ಕಾಣಲಿಲ್ಲ ಬಿಡವ್ವ” ಎಂದರು.

ಎಂಟು ವರ್ಷ ಒಂದೇ ಸೂರಿನಡಿ ಇದ್ದೆ. ಆ ಎಂಟು ವರ್ಷಗಳಲ್ಲಿ ಪಿಯುಸಿ ಮುಗಿಸಿ, ಪದವಿ ಮುಗಿಸಿ, ಒಂದೆರಡು ವರ್ಷ ಟ್ಯೂಷನ್ ಹೇಳಿ ಬಿ.ಇಡಿಗೆ ಸೇರಿದ್ದೆ. ಮೃಗಶಿರ ಮಳೆ ಕೂಡುವ ದಿನ ಮೀನಿನ ಔಷಧ ನುಂಗಲು ಅಪ್ಪಾಜಿ ಹೈದರಾಬಾದಿಗೆ ಹೊರಟಾಗ ‘ಇದೆಲ್ಲ ಯಾಕೆ’ ಎಂದು ನಕ್ಕವಳೂ ನಾನೇ. ಆದರೆ ಅವರ ಕೈಯಲ್ಲಿದ್ದ ಸರಿಯಾದ ಔಷಧವನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ‘ಜಾಸ್ತಿ ಬಳಸಬೇಡಿ, ಅಭ್ಯಾಸವಾಗುತ್ತೆ’ ಎಂಬ ಮಾತು ನನ್ನಿಂದ ಅವರಿಗೂ ಹೋಗಿತ್ತು. ಏಳನೇ ತರಗತಿ ಓದಿದ ಅಪ್ಪಾಜಿ ಸರಿಯಾದ ಕ್ರಮವನ್ನು ಹತ್ತೇ ನಿಮಿಷದಲ್ಲಿ ಕಲಿತರು. ಕಲಿಯಲು ಅವರಿಗೆ ತೊಂದರೆ ಇರಲಿಲ್ಲ, ಕಲಿಸುವವರು ಇರಲಿಲ್ಲ.

ಅದೇ ದಿನ ಇನ್ನೊಂದನ್ನೂ ಗಮನಿಸಿದೆ. ನಮ್ಮ ಮನೆಯಲ್ಲಿ ಅಡುಗೆಗೆ ಗ್ಯಾಸ್ ಇದೆ, ಆದರೆ ಸ್ನಾನದ ನೀರು ಕಾಯುವುದು ಹಂಡೆ ಒಲೆಯಲ್ಲಿ. ಬೆಚ್ಚಗಿರುತ್ತದೆ ಎಂದು ಅಪ್ಪಾಜಿಯ ಮಂಚ ಬಚ್ಚಲಿನ ಗೋಡೆಗೆ ಹೊಂದಿಕೊಂಡೇ ಇತ್ತು. ಬೆಳಗಿನ ಜಾವ ಐದಕ್ಕೆ ಅವ್ವ ಒಲೆ ಹಚ್ಚುತ್ತಾಳೆ, ಐದೂವರೆಗೆ ಅಪ್ಪಾಜಿಗೆ ಕೆಮ್ಮು ಶುರುವಾಗುತ್ತದೆ. ನಾವೆಲ್ಲ ಅದನ್ನು ಚಳಿಯ ಕೆಮ್ಮು ಎಂದುಕೊಂಡಿದ್ದೆವು. ಮಂಚವನ್ನು ಪಡಸಾಲೆಗೆ ಸಾಗಿಸಿದೆವು. ಭತ್ತದ ಒಕ್ಕಲಿನ ದಿನ ಧೂಳಿನ ಕಡೆ ನಿಲ್ಲಬಾರದು ಎಂದು ಒಪ್ಪಿಸಿದೆವು. ಹೊಸದಾಗಿ ಬರೆಸಿಕೊಂಡ ಔಷಧ ಮತ್ತು ಈ ಎರಡು ಬದಲಾವಣೆಯಿಂದ ತಿಂಗಳೊಳಗೆ ಅವರ ರಾತ್ರಿಯ ಎಚ್ಚರ ನಿಂತಿತು.

ಇಷ್ಟಾದ ಮೇಲೆ ಶಿಕ್ಷಣ ಕೊಟ್ಟರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬ ಉತ್ಸಾಹ ನನಗೆ ಬಂತು. ಆ ಉತ್ಸಾಹದಲ್ಲೇ ಮುಂದಿನ ವಾರ ಮಾರ್ಗದರ್ಶಕ ಶಿಕ್ಷಕಿಯೊಂದಿಗೆ ಹುಡುಗಿಯ ಮನೆಗೆ ಹೋದೆ.

ದಾವಣಗೆರೆಯವರಿಗೆ ಮಂಡಕ್ಕಿ ಎಂದರೆ ಮಿರ್ಚಿಯ ಜೊತೆಗಿನ ಸಂಜೆಯ ತಿಂಡಿ. ಅದು ತಯಾರಾಗುವ ಜಾಗವನ್ನು ನಾನು ಅವತ್ತೇ ಮೊದಲು ನೋಡಿದ್ದು. ಒಲೆಯ ಮೇಲೆ ಕಾದ ಮರಳು, ಅದರಲ್ಲಿ ಚಟಪಟ ಸಿಡಿದು ಅರಳುವ ಅಕ್ಕಿ, ಒಲೆಯ ಬಾಯಿಗೆ ಸುರಿಯುವ ಭತ್ತದ ಹೊಟ್ಟು. ಉರಿ ಜೋರಾಗಲೆಂದು ಹಳೆಯ ಟೈರಿನ ತುಂಡುಗಳನ್ನು ಹಾಕುವುದೂ ಇಲ್ಲಿ ಬಹುಕಾಲದಿಂದ ಇರುವ ದೂರು. ಟೈರಿನ ರಬ್ಬರಿಗೆ ಗಂಧಕ ಸೇರಿರುತ್ತದೆ. ಅದು ಉರಿದಾಗ ಬರುವ ಗಂಧಕದ ಡೈಆಕ್ಸೈಡ್ ಅಸ್ತಮಾ ಇರುವವರ ಶ್ವಾಸನಳಿಕೆಗಳನ್ನು ಬೇಗ ಬಿಗಿಯಾಗಿಸುತ್ತದೆ. ಜೊತೆಗೆ ಹೊಗೆಯ ಸೂಕ್ಷ್ಮ ಕಣಗಳು. 2.5 ಮೈಕ್ರಾನಿಗಿಂತ ಚಿಕ್ಕ ಕಣಗಳು ಮೂಗಿನ ರೋಮಕ್ಕೂ ಗಂಟಲಿನ ಲೋಳೆಗೂ ಸಿಗದೆ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಇಂಥ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40. ಚಳಿಗಾಲದ ಬೆಳಗಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುವುದರಿಂದ ಹೊಗೆ ಮೇಲೇರದೆ ಕೆಳಗೇ ನಿಲ್ಲುತ್ತದೆ. ನಮ್ಮ ಪ್ರಾರ್ಥನೆಯ ವೇಳೆಯೂ ಅದೇ.

ಒಂದೇ ಕೋಣೆಯ ಮನೆ. ಹುಡುಗಿಯ ಅಮ್ಮಿ ಭಟ್ಟಿಯಲ್ಲೇ ಕೆಲಸ ಮಾಡುವವರು. ನಾನು ತಂದಿದ್ದ ಪಟ್ಟಿಯನ್ನು ಓದಿ ಹೇಳಿದೆ: ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಬಹುದು, ಹಾಸಿಗೆ ಕೌದಿ ಬಿಸಿಲಿಗೆ ಹಾಕಬಹುದು, ಕೆಲಸದ ಬಟ್ಟೆ ಬದಲಿಸಿ ಮಗಳ ಹತ್ತಿರ ಬರಬಹುದು, ಹೊಗೆ ಹೆಚ್ಚಿರುವ ಹೊತ್ತಿನಲ್ಲಿ ಆ ಕಡೆಯ ಕಿಟಕಿ ಮುಚ್ಚಿ ಬೇರೆ ಹೊತ್ತಿನಲ್ಲಿ ತೆರೆಯಬಹುದು. ಅವರು ಎಲ್ಲಕ್ಕೂ “ಆಯ್ತು ಮೇಡಂ” ಎಂದರು. ಪಟ್ಟಿಯ ಕೊನೆಯ ಸಾಲು ‘ಹೊಗೆಯ ಮೂಲದಿಂದ ದೂರವಿರಿ’ ಎಂದಿತ್ತು. ಅದನ್ನು ಓದಿದಾಗ ಅವರು ಒಂದು ಗಳಿಗೆ ಸುಮ್ಮನಿದ್ದು, “ಭಟ್ಟಿ ಹತ್ರ ಇದ್ರೆ ದಮ್ಮು, ದೂರ ಹೋದ್ರೆ ಹೊಟ್ಟೆಗಿಲ್ಲ. ಎಲ್ಲಿಗೆ ಹೋಗ್ಲಿ ಮೇಡಂ?” ಎಂದರು.

ನನ್ನಲ್ಲಿ ಉತ್ತರ ಇರಲಿಲ್ಲ. ಅಪ್ಪಾಜಿಯ ಮಂಚ ಸಾಗಿಸಿದಂತೆ ಈ ಮನೆಯನ್ನು ಸಾಗಿಸಲಾಗುವುದಿಲ್ಲ.

ಆ ದಿನಗಳಲ್ಲಿ ಓದಿದ ಒಂದು ಪ್ರಕರಣ ನನ್ನ ಮನಸ್ಸಿನಿಂದ ಹೋಗಿಲ್ಲ. ಲಂಡನ್ನಿನ ಎಲ್ಲಾ ಕಿಸ್ಸಿ-ಡೆಬ್ರಾ ಎಂಬ ಬಾಲಕಿಯ ಮನೆ ಸೌತ್ ಸರ್ಕ್ಯುಲರ್ ಎಂಬ ದಟ್ಟಣೆಯ ರಸ್ತೆಯ ಹತ್ತಿರವಿತ್ತು. ತೀವ್ರ ಅಸ್ತಮಾದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿದ ಅವಳು 2013ರ ಫೆಬ್ರವರಿಯಲ್ಲಿ, 9ನೇ ವಯಸ್ಸಿಗೆ ತೀರಿಕೊಂಡಳು. ಅವಳ ತಾಯಿ ವೃತ್ತಿಯಲ್ಲಿ ಶಿಕ್ಷಕಿ. ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ, 2020ರ ಡಿಸೆಂಬರಿನಲ್ಲಿ ಸಾವಿನ ವಿಚಾರಣಾಧಿಕಾರಿ ಆ ಮಗುವಿನ ಸಾವಿಗೆ ವಾಯುಮಾಲಿನ್ಯವೂ ಒಂದು ಕಾರಣ ಎಂದು ದಾಖಲಿಸಿದರು. ಬ್ರಿಟನ್ನಿನಲ್ಲಿ ಹಾಗೆ ದಾಖಲಾದದ್ದು ಅದೇ ಮೊದಲು. ಅದೇ ತೀರ್ಮಾನದಲ್ಲಿ ಇನ್ನೊಂದು ಮಾತೂ ಇದೆ: ಮಾಲಿನ್ಯದಿಂದ ಅಸ್ತಮಾ ಉಲ್ಬಣಿಸಬಹುದೆಂಬ ಮಾಹಿತಿಯನ್ನು ಆ ತಾಯಿಗೆ ಯಾರೂ ಕೊಟ್ಟಿರಲಿಲ್ಲ, ಕೊಟ್ಟಿದ್ದರೆ ಅವರು ಕ್ರಮ ಕೈಗೊಳ್ಳುತ್ತಿದ್ದರು. ಓದಿದ ತಾಯಿ, ಒಳ್ಳೆಯ ಆಸ್ಪತ್ರೆಗಳಿರುವ ನಗರ, ಆದರೂ ಬೇಕಾದ ಒಂದು ತಿಳುವಳಿಕೆ ತಲುಪಲಿಲ್ಲ. ಗಾಳಿಯನ್ನು ಶುದ್ಧವಾಗಿಡಬೇಕಾದವರೂ ಇಡಲಿಲ್ಲ. ಒಂದು ಸರಿಯಿದ್ದು ಇನ್ನೊಂದು ತಪ್ಪಿದರೂ ಮಗು ಉಳಿಯುವುದು ಕಷ್ಟ. ಅಲ್ಲಿ ಎರಡೂ ತಪ್ಪಿದ್ದವು.

ನಮ್ಮ ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಜಾಗತಿಕ ರೋಗಭಾರದ 2019ರ ಅಂದಾಜಿನಂತೆ ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 13ರಷ್ಟು ಮಂದಿ ಭಾರತದಲ್ಲಿದ್ದಾರೆ. ಅಸ್ತಮಾದ ಸಾವುಗಳಲ್ಲಿ ನಮ್ಮ ಪಾಲು ಶೇ 42ರಷ್ಟು. ಹತೋಟಿಯಲ್ಲಿಡಬಹುದಾದ ರೋಗಕ್ಕೆ ಇಷ್ಟು ಸಾವು ಎಂದರೆ, ಔಷಧ, ತಿಳುವಳಿಕೆ, ಗಾಳಿ ಈ ಮೂರರಲ್ಲಿ ಯಾವುದೋ ಒಂದು ಪ್ರತಿ ಮನೆಯಲ್ಲೂ ತಪ್ಪುತ್ತಿದೆ.

ಮತ್ತೆ ಪಾಠಕ್ಕೆ ಬರುತ್ತೇನೆ. ಮಾರ್ಗದರ್ಶಕ ಶಿಕ್ಷಕಿಯ ಅನುಮತಿ ಪಡೆದು ಉಸಿರಾಟದ ಪಾಠಕ್ಕೆ ಇನ್ನೊಂದು ಅವಧಿ ತೆಗೆದುಕೊಂಡೆ. ಹಿಂದಿನ ಪಾಠಯೋಜನೆಯಲ್ಲಿ ‘ಕೌಶಲ’ ಎಂಬ ಉದ್ದೇಶದ ಕೆಳಗೆ ‘ಶ್ವಾಸಕೋಶದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವರು’ ಎಂದು ಬರೆದಿದ್ದೆ. ಈ ಸಲ ‘ಇನ್‌ಹೇಲರ್ ಬಳಸುವ ಕ್ರಮವನ್ನು ಮಾಡಿ ತೋರಿಸುವರು’ ಎಂದು ಬರೆದೆ.

ಮೊದಲು ಒಂದು ಲೆಕ್ಕ ಕೊಟ್ಟೆ. ಇನ್‌ಹೇಲರ್‌ನ ಒಂದು ಒತ್ತಿಗೆ ಬರುವ ಸಾಲ್ಬುಟಮಾಲ್ 100 ಮೈಕ್ರೊಗ್ರಾಂ. ಅದೇ ಔಷಧದ ಒಂದು ಮಾತ್ರೆ 4 ಮಿಲಿಗ್ರಾಂ. ಹಾಗಾದರೆ ಒಂದು ಮಾತ್ರೆ ಎಷ್ಟು ಒತ್ತಿಗೆ ಸಮ? ಹಲಗೆಯ ಮೇಲೆ ‘40’ ಎಂದು ಬರೆದ ಹುಡುಗ ತಾನೇ ಆಶ್ಚರ್ಯಪಟ್ಟ. “ಮಿಸ್, ಹಾಗಾದ್ರೆ ಮಾತ್ರೆಗಿಂತ ಪಂಪೇ ಕಡಿಮೆ ಔಷಧ!” ಎಂದ. ನೇರ ಶ್ವಾಸನಳಿಕೆಗೆ ತಲುಪುವುದರಿಂದ ಅಷ್ಟು ಸಾಕು ಎಂದು ಇನ್ನೊಬ್ಬಳು ಸೇರಿಸಿದಳು. ಪಂಪ್ ಎಂದರೆ ‘ಭಾರೀ ಔಷಧ’ ಎಂಬ ಭಯವನ್ನು ನನ್ನ ಹತ್ತು ನಿಮಿಷದ ಉಪದೇಶ ತೆಗೆಯುತ್ತಿರಲಿಲ್ಲ, ಒಂದು ಭಾಗಾಕಾರ ತೆಗೆಯಿತು.

ಆಮೇಲೆ ಹಿಂದಿನ ಪಾಠದ ಬಾಟಲಿಯ ಜೊತೆಗೆ ಇನ್ನೊಂದು ಅರ್ಧ ಲೀಟರಿನ ಬಾಟಲಿ ತಂದೆ. ತಳದಲ್ಲಿ ಇನ್‌ಹೇಲರ್‌ನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿದೆವು. ಬಾಟಲಿಯ ಬಾಯಿಂದ ಉಸಿರೆಳೆಯುವುದು. ದಕ್ಷಿಣ ಆಫ್ರಿಕಾದ ವೈದ್ಯರು ಇಂಥ 500 ಮಿಲಿಲೀಟರ್ ಬಾಟಲಿಯ ಸ್ಪೇಸರ್ ಅನ್ನು ಮಕ್ಕಳ ಮೇಲೆ ಪರೀಕ್ಷಿಸಿ, ಅಂಚು ಗಾಳಿಯಾಡದಂತೆ ಮುಚ್ಚಿದರೆ ಕೊಂಡ ಸ್ಪೇಸರ್‌ನಷ್ಟೇ ಉಪಯೋಗಿ ಎಂದು 1999ರಲ್ಲಿ ಪ್ರಕಟಿಸಿದ್ದಾರೆ. ಅಂದು ಬಳಸಿದ್ದು ಖಾಲಿ ಇನ್‌ಹೇಲರ್. ಮಾಡಿ ತೋರಿಸಲು ಯಾರು ಬರುತ್ತೀರಿ ಎಂದೆ. ಆ ಹುಡುಗಿಯನ್ನು ನಾನು ಕರೆಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಅವಳೇ ಎದ್ದು ಬಂದಳು. ತುಟಿ ಬಿಗಿದು, ಎಳೆದು, ಬೆರಳಲ್ಲಿ ಹತ್ತರವರೆಗೆ ಎಣಿಸಿದಳು. ತರಗತಿಯೆಲ್ಲ ಅವಳೊಂದಿಗೆ ಎಣಿಸಿತು. ಆಮೇಲೆ ನಾನು ಎಲ್ಲರ ಮುಂದೆಯೇ, “ಮೊದಲ ಪಾಠದ ದಿನ ಇನ್‌ಹೇಲರ್ ಬಗ್ಗೆ ನಾನು ತಪ್ಪು ಹೇಳಿದ್ದೆ” ಎಂದೆ. ಅವಳು ನಕ್ಕಳು.

ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಅವಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಆರು ವಾರಗಳ ಗುರುತುಗಳಿದ್ದವು. ಆ ನಾಲ್ಕು ಪ್ರಶ್ನೆಗಳಿಗೆ ‘ಹೌದು’ ನಾಲ್ಕರಿಂದ ಒಂದಕ್ಕೆ ಇಳಿದಿತ್ತು. ರಾತ್ರಿ ನಿದ್ದೆ ಬರುತ್ತಿತ್ತು, ಖೋ ಖೋ ಆಡುತ್ತಿದ್ದಳು. ಉಳಿದ ಒಂದು ‘ಹೌದು’ ಹೊಗೆ ಕೆಳಗೆ ನಿಲ್ಲುವ ಬೆಳಗುಗಳದು. ಅದನ್ನು ನಾನಾಗಲಿ ಅವಳಾಗಲಿ ಅಳಿಸಲಾಗಲಿಲ್ಲ. ಅದನ್ನು ಅಳಿಸಬೇಕಾದವರು ಉರುವಲು, ಒಲೆ, ಹೊಗೆಯ ಬಗ್ಗೆ ತೀರ್ಮಾನ ಮಾಡುವವರು. ಅಲ್ಲಿಯವರೆಗೆ ‘ಹುಷಾರಾಗಿರಬಾರದಾ’ ಎಂದು ಮಗುವನ್ನೋ ಅದರ ತಾಯಿಯನ್ನೋ ದೂರುವುದು ಅನ್ಯಾಯ.

ಸಹಪಾಠಿಗಳಿಗೆ ಹೇಳಬೇಕಾದದ್ದು ಕೆಲವೇ ಮಾತು. ಶಾಲೆಗೆ ಹೋದ ಮೊದಲ ವಾರವೇ ಯಾವ ಮಗುವಿಗೆ ಉಬ್ಬಸ ಇದೆ ಎಂದು ತರಗತಿ ಶಿಕ್ಷಕರಿಂದ ತಿಳಿದುಕೊಳ್ಳಿ. ಆ ಮಗುವನ್ನು ಕಸ ಗುಡಿಸುವ ಸರದಿಯಿಂದ ಬಿಡಿಸಿ, ಬೇರೆ ಕೆಲಸ ಕೊಡಿ. ಆಟದಿಂದ ಮಾತ್ರ ಬಿಡಿಸಬೇಡಿ. ಕಪ್ಪುಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಶಾಲೆಯ ಅಂಗಳದಲ್ಲಿ ತರಗೆಲೆ ಸುಡಲು ಬಿಡಬೇಡಿ. ಉಬ್ಬಸ ಬಂದರೆ ಮಲಗಿಸದೆ ನೇರ ಕೂರಿಸಿ, ಸುತ್ತಲಿನ ಗುಂಪು ಸರಿಸಿ, ವೈದ್ಯರು ಅವರಿಗೆ ಬರೆದುಕೊಟ್ಟ ಇನ್‌ಹೇಲರ್ ಕೊಡಿ. ಇಳಿಯದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮತ್ತು, ಯಾವ ಔಷಧ ಬೇಕು ಬೇಡ ಎಂದು ನೀವು ತೀರ್ಪು ಕೊಡಬೇಡಿ. ಶಿಕ್ಷಕರ ಮಾತನ್ನು ಮಕ್ಕಳು ನಂಬುತ್ತಾರೆ. ನಂಬಿದ್ದರಿಂದಲೇ ಒಬ್ಬಳು ತನ್ನ ಇನ್‌ಹೇಲರ್ ಅನ್ನು ಮನೆಯಲ್ಲಿ ಬಿಟ್ಟು ಬಂದಿದ್ದಳು.

ಅವಲೋಕನ ಪುಸ್ತಕದ ಆ ಪುಟ ಇನ್ನೂ ನನ್ನ ಬಳಿ ಇದೆ. ‘ಬೋಧನೋಪಕರಣದ ಬಳಕೆ ಉತ್ತಮ’ ಎಂಬ ಸಾಲಿನ ಕೆಳಗೆ ಪ್ರಶಿಕ್ಷಣಾರ್ಥಿಯ ಅಭಿಪ್ರಾಯಕ್ಕೆಂದು ಬಿಟ್ಟ ಜಾಗ ಖಾಲಿಯಾಗಿತ್ತು. ಇಂಟರ್ನ್‌ಶಿಪ್‌ನ ಕೊನೆಯ ದಿನ ಅಲ್ಲಿ ಹೀಗೆ ಬರೆದೆ: ‘ಪಾಠ ಮುಗಿದ ಮೇಲೆ ಡಸ್ಟರ್ ಬಡಿದೆ. ಮುಂದಿನ ಸಲ ಒದ್ದೆ ಬಟ್ಟೆ.’